ಫರಸಿ ಹಾಸಿ ಸಂದಿ ತುಂಬಿದ ಮೇಲೆ

ಧಾರವಾಡದ ನಮ್ಮ ಮನೆಯ ಅಡುಗೆಮನೆಯಲ್ಲಿ ಸಿಂಕಿನಿಂದ ಬಾಗಿಲವರೆಗೆ ನಾಲ್ಕು ಫರಸಿಗಳು ಉಳಿದವಕ್ಕಿಂತ ಮಂಕಾಗಿವೆ. ಬೆಳಿಗ್ಗೆ ಕಿಟಕಿಯಿಂದ ಓರೆಯಾಗಿ ಬಿಸಿಲು ಬಿದ್ದಾಗ ಎದ್ದು ಕಾಣುತ್ತವೆ. ಮನೆಗೆ ಬಂದವರು ಯಾರೂ ಗಮನಿಸುವುದಿಲ್ಲ. ನನಗೆ ಮಾತ್ರ ದಿನಾ ಕಾಣುತ್ತವೆ, ಯಾಕೆಂದರೆ ಆವತ್ತು ಹೂಂ ಅಂದವಳು ನಾನೇ.

ಹಳೆಯ ಮನೆಯ ನೆಲ ಕಿತ್ತು ಶಹಾಬಾದ್ ಫರಸಿ ಹಾಕಿಸಿದ್ದೆವು. ಎರಡಡಿಗೆ ಎರಡಡಿ, ಪಾಲಿಶ್ ಆಗಿಯೇ ಬಂದಿದ್ದ ನೀಲಿ ಬೂದು ಬಣ್ಣದ ಕಲ್ಲು. ದೇವರ ಕೋಣೆಗೆ ಮಾತ್ರ ತಾಂಡೂರಿನ ಹಳದಿ ಕಲ್ಲು. ಸಂದಿಗಳಿಗೆ ಗ್ರೌಟ್, ಅಂದರೆ ಸಿಮೆಂಟಿನ ಮಿಶ್ರಣ, ತುಂಬಿ ಮೂರು ದಿನ ಆಗಿತ್ತು. ಕಲ್ಲಿನ ಮೇಲೆಲ್ಲ ತೆಳ್ಳಗೆ ಬಿಳಿ ಪೊರೆ. ಎಷ್ಟು ಒರೆಸಿದರೂ ಒದ್ದೆ ಇರುವಷ್ಟು ಹೊತ್ತು ಮಾಯ, ಒಣಗಿದ ಕೂಡಲೇ ಹಾಜರ್. ಗೌಂಡಿ ನೋಡಿ, “ಅಕ್ಕಾರ, ಒಂದ್ ಬಾಟ್ಲಿ ಆಸಿಡ್ ತರಸ್ರಿ. ಐದ್ ಮಿನಿಟಿನ ಕೆಲಸ. ಕನ್ನಡಿ ಹಂಗ ಆಗ್ತದ” ಅಂದ. ತರಿಸಿದೆ. ನೀರು ಬೆರೆಸಿ ಸುರಿದ. ಬುಸ್ಸೆಂದು ನೊರೆ ಎದ್ದಿತು. ಕೊಳೆ ಹೋಗುತ್ತಿದೆ ಅಂತ ಇಬ್ಬರೂ ಖುಷಿಯಿಂದ ನೋಡುತ್ತಾ ನಿಂತೆವು. ತೊಳೆದು ಒಣಗಿದ ಮೇಲೆ ಬಿಳಿ ಪೊರೆ ಹೋಗಿತ್ತು. ಜೊತೆಗೆ ಪಾಲಿಶೂ ಹೋಗಿತ್ತು. ಕೈ ಆಡಿಸಿದರೆ ಸೀಮೆಸುಣ್ಣ ಮುಟ್ಟಿದ ಹಾಗೆ.

ನೊರೆ ಬಂದದ್ದು ಕೊಳೆಯಿಂದಲ್ಲ, ಕಲ್ಲಿನಿಂದ. ಶಹಾಬಾದ್ ಫರಸಿ ಅಂದರೆ ಸುಣ್ಣದ ಕಲ್ಲು. ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಕಡೆ ಅಷ್ಟೊಂದು ಸಿಮೆಂಟ್ ಕಾರ್ಖಾನೆಗಳು ಇರುವುದೇ ಆ ನೆಲದ ಸುಣ್ಣದ ಕಲ್ಲಿಗಾಗಿ. ಆ ಕಲ್ಲನ್ನೇ ಸುಟ್ಟು ಪುಡಿ ಮಾಡಿ ಸಿಮೆಂಟ್ ತೆಗೆಯುತ್ತಾರೆ. ಅಂದರೆ ನೆಲದ ಮೇಲೆ ಅಂಟಿಕೊಂಡ ಗ್ರೌಟಿನ ಪೊರೆ, ಅದರ ಕೆಳಗಿನ ಫರಸಿ, ಎರಡೂ ಒಂದೇ ಮನೆತನದವು. ಆಸಿಡ್‌ಗೆ ಅವೆರಡರ ನಡುವಿನ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಂದನ್ನು ತಿಂದು ಇನ್ನೊಂದನ್ನು ಬಿಡು ಅಂದರೆ ಕೇಳುವುದಿಲ್ಲ. ಸಂದಿಯಲ್ಲಿ ತುಂಬಿದ ಗ್ರೌಟನ್ನೂ ಅದು ತಿನ್ನುತ್ತದೆ. ಆರು ತಿಂಗಳಿಗೆ ಸಂದಿಯಿಂದ ಪುಡಿ ಉದುರುತ್ತಿದ್ದರೆ ಎಷ್ಟೋ ಸಲ ಕಾರಣ ಇದೇ.

ಆದ್ದರಿಂದ ಮೊದಲು ನಿಮ್ಮ ಕಲ್ಲು ಯಾವುದು ಅಂತ ತಿಳಿದುಕೊಳ್ಳಿ. ಅಂಗಡಿಯವರು ಹೇಳಿದ ಹೆಸರನ್ನೇ ನಂಬಬೇಡಿ. ಉಳಿದ ಒಂದು ತುಂಡು ತೆಗೆದುಕೊಂಡು ಅದರ ಮೇಲೆ ನಾಲ್ಕು ಹನಿ ಲಿಂಬೆರಸ ಹಾಕಿ. ಹತ್ತು ನಿಮಿಷ ಬಿಟ್ಟು ತೊಳೆದು ಒರೆಸಿ. ಸಣ್ಣ ಗುಳ್ಳೆ ಎದ್ದರೆ, ಅಥವಾ ಹನಿ ಬಿದ್ದ ಜಾಗ ಮಂಕಾದರೆ ಅದು ಸುಣ್ಣದ ಜಾತಿಯ ಕಲ್ಲು. ಶಹಾಬಾದ್, ತಾಂಡೂರು, ಕಡಪ, ರಾಜಸ್ಥಾನದ ಕೋಟಾ, ಎಲ್ಲ ಬಗೆಯ ಮಾರ್ಬಲ್ ಈ ಗುಂಪಿಗೆ ಸೇರುತ್ತವೆ. ಇಳಕಲ್ಲಿನ ಕೆಂಪು ಗ್ರಾನೈಟ್, ಬೆಂಗಳೂರು ಕಡೆಯ ಸಾದರಹಳ್ಳಿ ಕಲ್ಲು ಲಿಂಬೆಹಣ್ಣಿಗೆ ಜಗ್ಗುವುದಿಲ್ಲ. ಹಾಗಂತ ಅವುಗಳ ಮೇಲೂ ಆಸಿಡ್ ಬೇಡ. ಕಲ್ಲು ಉಳಿದರೂ ಸಂದಿಯ ಸಿಮೆಂಟ್ ಉಳಿಯುವುದಿಲ್ಲ, ಆ ಹೊಗೆಗೆ ನಲ್ಲಿ, ಬಾಗಿಲ ತಿರುಗಣಿ ಎಲ್ಲ ತುಕ್ಕು ಹಿಡಿಯುತ್ತವೆ. ಇನ್ನೊಂದು ಮಾತು: ಆಸಿಡ್ ಸುರಿದ ಜಾಗಕ್ಕೆ ಬ್ಲೀಚಿಂಗ್ ಪುಡಿ ಯಾವತ್ತೂ ಹಾಕಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಉಸಿರೇ ಕಟ್ಟುತ್ತದೆ.

ಪೊರೆ ಕಟ್ಟುವ ಮೊದಲೇ

ಗ್ರೌಟಿನ ಪೊರೆ ತೆಗೆಯಲು ಸರಿಯಾದ ಸಮಯ ಗ್ರೌಟ್ ತುಂಬಿದ ದಿನವೇ. ಇದು ಗೊತ್ತಿದ್ದರೆ ಅರ್ಧ ಗೆದ್ದ ಹಾಗೆ. ಅಡುಗೆಮನೆ ಕೆಟ್ಟ ಮೇಲೆ ಪಡಸಾಲೆಯ ಗ್ರೌಟಿಂಗ್ ಇನ್ನೂ ಬಾಕಿ ಇತ್ತು. ಆ ಕೆಲಸದ ಹೊತ್ತಿಗೆ ನಾನು ಗೌಂಡಿಯ ಹಿಂದೆಯೇ ಬಕೆಟ್ ಹಿಡಿದು ಕೂತಿದ್ದೆ.

ನಮ್ಮಲ್ಲಿ ಸಾಮಾನ್ಯವಾಗಿ ಇಡೀ ಕೋಣೆಗೆ ಗ್ರೌಟ್ ಬಳಿದು, ಊಟಕ್ಕೆ ಹೋಗಿ ಬಂದು, ಆಮೇಲೆ ಒರೆಸುತ್ತಾರೆ. ಅಷ್ಟರಲ್ಲಿ ಅದು ಕಚ್ಚಿಕೊಂಡಿರುತ್ತದೆ. ಒಂದು ಸಲಕ್ಕೆ ಎಂಟು ಹತ್ತು ಫರಸಿಯಷ್ಟೇ ಮುಗಿಸಲು ಹೇಳಿ. ಸಂದಿಯಲ್ಲಿ ಹೆಬ್ಬೆರಳು ಒತ್ತಿದರೆ ಗುರುತು ಬೀಳಬೇಕು, ಆದರೆ ಬೆರಳಿಗೆ ಅಂಟಬಾರದು. ಹಾಗಾಗಲು ಹೆಚ್ಚು ಕಡಿಮೆ ಹದಿನೈದರಿಂದ ಮೂವತ್ತು ನಿಮಿಷ ಬೇಕು. ಬೇಸಿಗೆಯಲ್ಲಿ ಇನ್ನೂ ಬೇಗ. ಆಗ ಸ್ಪಾಂಜ್ ನೆನೆಸಿ, ಗಟ್ಟಿಯಾಗಿ ಹಿಂಡಿ, ಸಂದಿಗೆ ಅಡ್ಡಲಾಗಿ ಓರೆಯಾಗಿ ಎಳೆಯಿರಿ. ಸಂದಿಯುದ್ದಕ್ಕೂ ಎಳೆದರೆ ತುಂಬಿದ್ದೆಲ್ಲ ಎದ್ದು ಬರುತ್ತದೆ. ಎರಡು ಬಕೆಟ್ ಇರಲಿ. ಒಂದರಲ್ಲಿ ಸ್ಪಾಂಜ್ ಜಾಡಿಸಿ, ಇನ್ನೊಂದರಲ್ಲಿ ತೊಳೆಯಿರಿ. ನೀರು ಹಾಲಿನ ಬಣ್ಣಕ್ಕೆ ತಿರುಗಿದ ಕೂಡಲೇ ಚೆಲ್ಲಿ. ಆ ನೀರಿನಲ್ಲೇ ಒರೆಸಿದರೆ ನೀವು ನೆಲಕ್ಕೆ ಸಿಮೆಂಟ್ ಬಳಿಯುತ್ತಿದ್ದೀರಿ ಅಂತಲೇ ಅರ್ಥ.

ಎರಡು ಮೂರು ಗಂಟೆ ಬಿಟ್ಟು ಒಣ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ. ಇದು ಬಹಳ ಮುಖ್ಯ, ಆದರೆ ಯಾರೂ ಮಾಡುವುದಿಲ್ಲ. ಹಳೆಯ ಧೋತರ, ಟರ್ಕಿ ಟವೆಲ್ ಯಾವುದಾದರೂ ಆದೀತು. ಪೊರೆ ಆಗ ಪುಡಿಯಾಗಿ ಎದ್ದು ಬರುತ್ತದೆ. ನಮ್ಮ ಪಡಸಾಲೆ 240 ಚದರ ಅಡಿ. ಮೊಣಕಾಲು ಊರಿ ಒರೆಸಲು ಒಂದೂವರೆ ಗಂಟೆ ಹಿಡಿಯಿತು. ಆ ಕೋಣೆಗೆ ಮುಂದೆ ಬೇರೆ ಯಾವ ಸಾಹಸವೂ ಬೇಕಾಗಲಿಲ್ಲ.

ಮರುದಿನದಿಂದ ಸಂದಿಗೆ ಸ್ವಲ್ಪ ತೇವ ಬೇಕು, ಇಲ್ಲದಿದ್ದರೆ ಗ್ರೌಟ್ ಬಿರುಕು ಬಿಡುತ್ತದೆ. ಹಾಗಂತ ಒದ್ದೆ ಗೋಣಿತಾಟು ಹಾಸಬೇಡಿ. ತಿಳಿ ಬಣ್ಣದ ಕಲ್ಲಿಗೆ ಗೋಣಿಯ ಕಂದು ಬಣ್ಣ ಇಳಿಯುತ್ತದೆ. ಮರದ ಹೊಟ್ಟು ಚೆಲ್ಲಿ ಗುಡಿಸುವವರೂ ಇದ್ದಾರೆ. ಅದು ಒದ್ದೆಯಾದರೆ ಅದೇ ಕಥೆ. ಒಂದು ಸ್ಪ್ರೇ ಬಾಟಲಿಯಲ್ಲಿ ದಿನಕ್ಕೆ ಎರಡು ಸಲ ಸಂದಿಯ ಮೇಲೆ ತುಂತುರು ಹೊಡೆದರೆ ಸಾಕು, ಎರಡು ಮೂರು ದಿನ. ಗ್ರೌಟ್ ಪ್ಯಾಕೆಟ್ ಮೇಲೆ ಬೇರೆ ಲೆಕ್ಕ ಬರೆದಿದ್ದರೆ ಅದನ್ನೇ ನಂಬಿ.

ನೀವು ಹಾಕಿಸಿದ್ದು ಎಪಾಕ್ಸಿ ಗ್ರೌಟ್ ಆದರೆ ಇಷ್ಟು ನಿಧಾನ ಮಾಡುವಂತಿಲ್ಲ. ಅದು ಸಿಮೆಂಟ್ ಅಲ್ಲ, ರಾಳ. ಡಬ್ಬಿಯ ಮೇಲೆ ಹೇಳಿದ ಹೊತ್ತಿನೊಳಗೆ ಒರೆಸಿ ಮುಗಿಸಬೇಕು. ಒಮ್ಮೆ ಗಟ್ಟಿಯಾದರೆ ದೇವರೇ ಗತಿ.

ತಡವಾಗಿದ್ದರೆ

ಪೊರೆ ಆಗಲೇ ಗಟ್ಟಿಯಾಗಿದೆಯೇ? ಅದು ನಿಜವಾಗಲೂ ಗ್ರೌಟೇನಾ ಅಂತ ಮೊದಲು ನೋಡಿ. ಬಿಳಿ ಕಂಡದ್ದೆಲ್ಲ ಗ್ರೌಟ್ ಅಲ್ಲ. ಇಡೀ ಫರಸಿಯ ಮೇಲೆ ಒರೆಸಿದ ಗೀರುಗಳಂತೆ ಕಂಡರೆ ಅದು ಗ್ರೌಟಿನ ಪೊರೆ. ಸಂದಿಯ ಅಂಚಿನಲ್ಲಿ ಹಿಟ್ಟಿನ ಹಾಗೆ ನವಿರಾಗಿ ಎದ್ದು, ಗುಡಿಸಿದರೆ ಹೋಗಿ, ನಾಲ್ಕು ದಿನಕ್ಕೆ ಮತ್ತೆ ಬಂದರೆ ಅದು ಉಪ್ಪು. ಕೆಳಗಿನ ಗಾರೆಯಲ್ಲಿರುವ ನೀರು ಮೇಲೆ ಬರುವಾಗ ಉಪ್ಪನ್ನು ಹೊತ್ತು ತರುತ್ತದೆ. ನೀರು ಆರಿದರೂ ಉಪ್ಪು ಉಳಿಯುತ್ತದೆ. ಇನ್ನು ಹನಿ ಹನಿಯಾಗಿ, ಉಂಗುರದ ಹಾಗೆ ಕಂಡರೆ ಅದು ನಿಮ್ಮ ಬೋರ್‌ವೆಲ್ ನೀರಿನ ಕಲೆ. ನಮ್ಮ ಬೋರಿನ ನೀರು ಎಷ್ಟು ಗಡಸು ಅಂದರೆ ಬಕೆಟ್ ಒಳಗೆಲ್ಲ ಬಿಳಿ ಪದರ ಕಟ್ಟುತ್ತದೆ. ಕೊನೆಯ ಸಲ ಒರೆಸಲು ನಾನು ಕುಡಿಯುವ ನೀರನ್ನೇ ಬಳಸಿದೆ. ಅವ್ವ ಬೈದಳು, ಬೈಸಿಕೊಂಡೆ.

ಉಪ್ಪಿಗೆ ನೀರು ಹಾಕಲೇಬೇಡಿ. ನೀರು ಹಾಕಿದಷ್ಟೂ ಇನ್ನಷ್ಟು ಉಪ್ಪು ಮೇಲೆ ಬರುತ್ತದೆ. ಒಣ ಬ್ರಷ್‌ನಲ್ಲಿ ಉಜ್ಜಿ, ಗುಡಿಸಿ ಎತ್ತಿ, ಕಾಯಬೇಕು ಅಷ್ಟೇ.

ಗ್ರೌಟಿನ ಪೊರೆಗೆ ನಾನು ಮಾಡಿದ್ದು ಹೀಗೆ. ದಪ್ಪ ಗಂಟುಗಳನ್ನು ಮೊದಲು ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಿದೆ. ಅವಧಿ ಮುಗಿದ ಎಟಿಎಂ ಕಾರ್ಡ್ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಚಾಕು, ಬ್ಲೇಡ್ ಬೇಡ. ಉಕ್ಕಿನ ನಾರೂ ಬೇಡ, ಅದರ ಚೂರು ಸಂದಿಯಲ್ಲಿ ಸಿಕ್ಕಿಕೊಂಡು ತುಕ್ಕಿನ ಚುಕ್ಕೆ ಬಿಡುತ್ತದೆ. ಆಮೇಲೆ ಒಂದು ಬಕೆಟ್ ಬಿಸಿ ನೀರಿಗೆ ಲಿಂಬೆ ಇಲ್ಲದ ಸಾದಾ ಪಾತ್ರೆ ಸೋಪಿನ ದ್ರಾವಣ ಸ್ವಲ್ಪವೇ ಹಾಕಿದೆ. ಮೆತ್ತಗಿನ ಬಿಳಿ ನೈಲಾನ್ ಪ್ಯಾಡ್ ತೆಗೆದುಕೊಂಡೆ. ಹಸಿರು ಪ್ಯಾಡ್ ಒರಟು, ಪಾಲಿಶ್ ಆದ ಕಲ್ಲಿಗೆ ಗೀರು ಬೀಳುತ್ತದೆ. ಎರಡು ಫರಸಿ ಒದ್ದೆ ಮಾಡಿ, ಐದು ನಿಮಿಷ ಬಿಟ್ಟು, ಸುತ್ತ ಸುತ್ತ ಉಜ್ಜಿ, ಆ ರಾಡಿ ಅಲ್ಲೇ ಒಣಗುವ ಮೊದಲು ವೈಪರ್‌ನಿಂದ ಎಳೆದು ಬಟ್ಟೆಯಲ್ಲಿ ಎತ್ತಿದೆ. ಮತ್ತೆ ಚೊಕ್ಕ ನೀರು, ಮತ್ತೆ ಒಣ ಬಟ್ಟೆ. ಕೆಲವು ಫರಸಿಗೆ ಮೂರು ಸಲ ಮಾಡಬೇಕಾಯಿತು. ರಟ್ಟೆ ಬಿದ್ದು ಹೋಯಿತು, ಕಲ್ಲು ಉಳಿಯಿತು.

ಇದಕ್ಕೂ ಜಗ್ಗದಿದ್ದರೆ ಆಸಿಡ್ ಇಲ್ಲದ ಗ್ರೌಟ್ ಕ್ಲೀನರ್‌ಗಳು ಸಿಗುತ್ತವೆ. ಡಬ್ಬಿಯ ಹಿಂದೆ ಓದಿ. ‘ಮೈಲ್ಡ್’ ಅಂತ ಬರೆದದ್ದರಲ್ಲಿ ಸಲ್ಫಾಮಿಕ್ ಆಸಿಡ್ ಇರುವುದುಂಟು. ಅದು ಟೈಲ್ಸ್‌ಗೆ ಸರಿ, ಫರಸಿಗೆ ಅಲ್ಲ. ವಿನೆಗರ್, ಲಿಂಬೆ, ಹುಣಸೆ ಎಲ್ಲವೂ ಇದೇ ಜಾತಿಗೆ ಸೇರಿದವು. ಮನೆಮದ್ದು ಅಂತ ಯಾರಾದರೂ ಹೇಳಿದರೆ ಸುಮ್ನೆ ತಲೆಯಾಡಿಸಿ ಬಿಡಿ.

ಹಾಸಿದ ಮೇಲೆ ಮಿಷಿನ್ ಪಾಲಿಶ್ ಮಾಡಿಸುವವರಿಗೆ ಪೊರೆಯ ಚಿಂತೆ ಇಲ್ಲ, ಮಿಷಿನ್ನಿಗೇ ಹೋಗುತ್ತದೆ. ಆದರೆ ಪಾಲಿಶಿನ ರಾಡಿ ಮೂಲೆಯಲ್ಲಿ, ಗೋಡೆ ಅಂಚಿನಲ್ಲಿ ಒಣಗಲು ಬಿಡಬೇಡಿ. ಅದು ಒಣಗಿದರೆ ಇನ್ನೊಂದು ಸುತ್ತಿನ ಕೆಲಸ.

ಅಂದ ಹಾಗೆ, ಆಸಿಡ್ ತಿಂದ ನನ್ನ ನಾಲ್ಕು ಫರಸಿಗೆ ಏನು ಪರಿಹಾರ? ಮತ್ತೆ ಪಾಲಿಶ್ ಮಾಡಿಸುವುದೊಂದೇ. ಅಷ್ಟರಲ್ಲಿ ಅಡುಗೆಮನೆಯ ಕಪಾಟುಗಳು ಕೂತಿದ್ದವು, ಮಿಷಿನ್ ಒಳಗೆ ತಿರುಗುವಂತಿರಲಿಲ್ಲ. ಕೈ ಮಿಷಿನ್ನಿನಲ್ಲಿ ಒಂದಿಷ್ಟು ತಿಕ್ಕಿಸಿದೆ. ಮೊದಲಿನ ಹೊಳಪು ಪೂರ್ತಿ ಬರಲಿಲ್ಲ. ಸೀಲರ್ ಹಚ್ಚಿದರೆ ಸರಿಯಾಗುತ್ತದೆ ಅಂತ ಅಂಗಡಿಯಲ್ಲಿ ಹೇಳಿದರು. ಆಗುವುದಿಲ್ಲ. ಸೀಲರ್ ಕಲೆ ಇಳಿಯುವುದನ್ನು ತಡೆಯುತ್ತದೆ. ಸವೆದ ಕಲ್ಲನ್ನು ತುಂಬಿಕೊಡುವುದಿಲ್ಲ.

ಕಾಯುವ ಕೆಲಸ

ನೆಲ ಚೊಕ್ಕವಾಯಿತು. ಈಗ ಸೀಲರ್ ಹಚ್ಚಲು ಕೈ ಕಡಿಯುತ್ತದೆ. ತಡೆಯಿರಿ. ನಮ್ಮ ಫರಸಿಯ ಕೆಳಗೆ ಒಂದೂವರೆ ಎರಡು ಇಂಚು ಗಾರೆ ಇದೆ. ಅದರಲ್ಲಿ ಬೇಕಾದಷ್ಟು ನೀರು ಕೂತಿರುತ್ತದೆ. ಮೇಲಿನಿಂದ ಮುಚ್ಚಿದರೆ ಆ ನೀರು, ಉಪ್ಪು ಒಳಗೇ ಸಿಕ್ಕಿಕೊಂಡು ಕಲ್ಲಿನ ಮೇಲೆ ಮೋಡ ಕವಿದ ಹಾಗೆ ಕಾಣುತ್ತದೆ.

ಎಷ್ಟು ದಿನ ಅಂದರೆ ಒಂದೇ ಉತ್ತರ ಇಲ್ಲ. ಅಂಟಿನ ಮೇಲೆ ಕೂರಿಸಿದ ತೆಳು ಕಲ್ಲು ಬೇಗ ಒಣಗುತ್ತದೆ, ಗಾರೆಯ ಮೇಲೆ ಕೂರಿಸಿದ್ದು ನಿಧಾನ. ನಾವು ಫೆಬ್ರವರಿಯಲ್ಲಿ ಹಾಸಿದ್ದು, ನಾಲ್ಕು ವಾರ ಕಾದೆವು. ಧಾರವಾಡದ ಮಳೆಗಾಲದಲ್ಲಾದರೆ ಇನ್ನೂ ಜಾಸ್ತಿ ಬೇಕು. ದಿನ ಎಣಿಸುವುದಕ್ಕಿಂತ ಪರೀಕ್ಷೆ ಮಾಡುವುದು ಒಳ್ಳೆಯದು. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಸಂದಿ ಮಧ್ಯಕ್ಕೆ ಬರುವಂತೆ ನೆಲದ ಮೇಲಿಟ್ಟು ನಾಲ್ಕೂ ಕಡೆ ಟೇಪ್ ಅಂಟಿಸಿ. ಮರುದಿನ ಅದೇ ಹೊತ್ತಿಗೆ ನೋಡಿ. ಹಾಳೆಯ ಒಳಮೈಗೆ ಹನಿ ಕಟ್ಟಿದ್ದರೆ, ಅಥವಾ ಕೆಳಗಿನ ಕಲ್ಲು ಕಪ್ಪಾಗಿದ್ದರೆ ಇನ್ನೂ ಒಂದು ವಾರ ಕಿಟಕಿ ತೆಗೆದಿಟ್ಟು ಫ್ಯಾನ್ ಹಾಕಿ. ನಮ್ಮಲ್ಲಿ ಹಾಳೆ ಎರಡು ಸಲ ಬೆವರಿತು. ಬಚ್ಚಲಮನೆ ಪಕ್ಕದ ಮೂಲೆ ಎಲ್ಲಕ್ಕಿಂತ ತಡ.

ಇನ್ನು, ಸೀಲರ್ ಬೇಕೇ ಬೇಕಾ ಅನ್ನುವುದನ್ನೂ ಕಲ್ಲನ್ನೇ ಕೇಳಿ. ಒಂದು ಚಮಚ ನೀರು ಹಾಕಿ ಹತ್ತು ಹದಿನೈದು ನಿಮಿಷ ನೋಡಿ. ನೀರು ಹಾಗೇ ನಿಂತು ಕಲ್ಲಿನ ಬಣ್ಣ ಬದಲಾಗದಿದ್ದರೆ ಅದು ಕುಡಿಯುತ್ತಿಲ್ಲ, ಹಣ ಉಳಿಸಿ. ಕಪ್ಪು ಗ್ರಾನೈಟ್ ಬಹಳ ಸಲ ಹೀಗೇ. ಎರಡು ನಿಮಿಷಕ್ಕೇ ಕಪ್ಪಾದರೆ ಬಾಯಾರಿದ ಕಲ್ಲು. ಬಾದಾಮಿ ಕಡೆಯ ಮರಳುಗಲ್ಲು ಅಂಗಳಕ್ಕೆ ಹಾಕಿಸಿದವರು ನೋಡಿರುತ್ತೀರಿ, ನೀರು ಬಿದ್ದ ಕೂಡಲೇ ಹೀರುತ್ತದೆ. ನಮ್ಮ ಶಹಾಬಾದ್ ನಡುವೆ ಎಲ್ಲೋ ಇತ್ತು. ದೇವರ ಕೋಣೆಯ ಹಳದಿ ಕಲ್ಲು ಮಾತ್ರ ಮಹಾ ಕುಡುಕ. ಅಂಥ ತಿಳಿ ಬಣ್ಣದ ಕಲ್ಲಿಗೆ ಗ್ರೌಟ್ ತುಂಬುವ ಮೊದಲೇ ಒಂದು ಸಲ ಸೀಲರ್ ಹಚ್ಚಬೇಕಿತ್ತು. ಹಚ್ಚದ್ದರಿಂದ ಕಂದು ಗ್ರೌಟಿನ ಬಣ್ಣ ಅಂಚಿಗೆ ಇಳಿದು, ಫೋಟೋಕ್ಕೆ ಕಟ್ಟು ಹಾಕಿದ ಹಾಗೆ ಕಾಣುತ್ತದೆ.

ಹಚ್ಚುವುದು

ಸೀಲರ್‌ನಲ್ಲಿ ಎರಡು ಜಾತಿ. ಒಂದು, ಕಲ್ಲಿನ ಒಳಗೆ ಇಳಿದು ಸಣ್ಣ ರಂಧ್ರಗಳಲ್ಲಿ ಕೂರುವುದು. ನೀರು, ಎಣ್ಣೆ ಬೇಗ ಇಳಿಯಲು ಬಿಡುವುದಿಲ್ಲ, ಆದರೆ ತೇವ ಆವಿಯಾಗಿ ಹೊರಗೆ ಹೋಗಲು ದಾರಿ ಇರುತ್ತದೆ. ಇನ್ನೊಂದು, ವಾರ್ನಿಷ್ ಹಾಗೆ ಮೇಲೆ ಪದರ ಕಟ್ಟುವುದು. ಹೊಳಪು ನೋಡಿ ಎರಡನೆಯದಕ್ಕೆ ಮರುಳಾಗಬೇಡಿ. ಓಡಾಡುವ ಜಾಗದಲ್ಲಿ ಸವೆಯುತ್ತದೆ, ಮೂಲೆಯಲ್ಲಿ ಉಳಿಯುತ್ತದೆ, ಕೆಳಗಿನಿಂದ ತೇವ ಬಂದರೆ ಸಿಪ್ಪೆ ಏಳುತ್ತದೆ. ನೆಲಮಹಡಿಯ ಮನೆಗೆ ಅಂತೂ ಬೇಡವೇ ಬೇಡ. ಕಲ್ಲಿನ ಬಣ್ಣ ಗಾಢವಾಗಬೇಕು ಅನ್ನುವವರಿಗೆ ಒಳಗೆ ಇಳಿಯುವ ಜಾತಿಯಲ್ಲೇ ಒದ್ದೆ ಕಲ್ಲಿನ ಬಣ್ಣ ಕೊಡುವಂಥದ್ದು ಸಿಗುತ್ತದೆ. ಕಡಪ ಕಲ್ಲು ಕಪ್ಪಾಗಲಿ ಅಂತ ಎಣ್ಣೆ ತಿಕ್ಕುವುದು ಹಳೆಯ ಪದ್ಧತಿ. ಒಂದು ವಾರ ಚೆಂದ. ಆಮೇಲೆ ಧೂಳೆಲ್ಲ ಅದಕ್ಕೇ ಅಂಟುತ್ತದೆ. ಅಗಸೆ ಎಣ್ಣೆ ತಿಕ್ಕಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನೇ ಕಾದು ಹೊತ್ತಿಕೊಳ್ಳುವುದೂ ಉಂಟು.

ಹಚ್ಚುವ ದಿನ ಬೆಳಿಗ್ಗೆ ಬೇಗ ಶುರು ಮಾಡಿ. ಡಬ್ಬಿಯ ಮೇಲೆ ಹತ್ತು ನಿಮಿಷ ಬಿಡಿ ಅಂತ ಇದ್ದರೂ ಬಿಸಿಲು ಬೀಳುವ ನೆಲದಲ್ಲಿ ಐದೇ ನಿಮಿಷಕ್ಕೆ ಒಣಗುತ್ತದೆ. ನಾವು ತಂದದ್ದು ಥಿನ್ನರ್ ವಾಸನೆಯದು. ಅದರ ಆವಿ ಬೆಂಕಿ ಹಿಡಿಯುವಂಥದ್ದು. ಗ್ಯಾಸ್ ಬಂದ್, ಊದುಬತ್ತಿ ಬಂದ್, ದೇವರ ದೀಪವೂ ಬಂದ್. ಅವ್ವ ದೀಪವನ್ನು ತುಳಸಿಕಟ್ಟೆಗೆ ಒಯ್ದಳು. “ದೇವರನ್ನೂ ಹೊರಗ ಹಾಕಿದಿ” ಅಂದಳು. ಆವತ್ತಿನ ಊಟ ಪಕ್ಕದ ಮನೆಯಲ್ಲಿ. ಇಷ್ಟೆಲ್ಲ ರಗಳೆ ಬೇಡ ಅಂದರೆ ನೀರಿನ ಆಧಾರದ ಸೀಲರ್ ತನ್ನಿ. ಯಾವ ಸೀಲರ್ ಆದರೂ ಕಿಟಕಿ ತೆಗೆಯಲೇಬೇಕು, ಕೈಗವಸೂ ಬೇಕು.

ಬಾಗಿಲಿನಿಂದ ದೂರದ ಮೂಲೆಯಲ್ಲಿ ಶುರು ಮಾಡಿ ಹಿಂದೆ ಹಿಂದೆ ಬನ್ನಿ. ಒಂದು ಸಲಕ್ಕೆ ಮೂರಡಿ ಚೌಕ, ಅಷ್ಟೇ. ಬಿಳಿ ಹತ್ತಿ ಬಟ್ಟೆಯನ್ನು ಮಡಿಚಿ, ಅದ್ದಿ, ತೆಳ್ಳಗೆ ಸಮನಾಗಿ ಹಚ್ಚಿ. ಬಣ್ಣದ ಬಟ್ಟೆ ಬೇಡ, ಬಣ್ಣ ಬಿಡುತ್ತದೆ. ಸಂದಿಗಳಿಗೆ ಸಣ್ಣ ಬ್ರಷ್‌ನಿಂದ ಹಚ್ಚಿ. ಕಲ್ಲಿಗಿಂತ ಬೇಗ ಕೊಳೆಯಾಗುವುದು ಸಂದಿಯೇ ಅಲ್ವಾ. ಡಬ್ಬಿ ಹೇಳಿದ ಹೊತ್ತು ಕಾದು, ಮೇಲೆ ಉಳಿದದ್ದನ್ನೆಲ್ಲ ಇನ್ನೊಂದು ಒಣ ಬಟ್ಟೆಯಿಂದ ಪೂರ್ತಿ ಒರೆಸಿ ತೆಗೆಯಿರಿ. ಹಣ ಕೊಟ್ಟು ತಂದದ್ದನ್ನು ಒರೆಸಿ ತೆಗೆಯುವುದು ಅಂದರೆ ಮನಸ್ಸು ಒಪ್ಪುವುದಿಲ್ಲ. ಆದರೂ ತೆಗೆಯಿರಿ. ಒಳಗೆ ಹೋದದ್ದು ಮಾತ್ರ ಕೆಲಸ ಮಾಡುವುದು. ಮೇಲೆ ಒಣಗಿದ್ದು ಅಂಟು ಅಂಟಾಗಿ, ಕಾಲಿನ ಗುರುತು ಮೂಡಿಸಿಕೊಂಡು ಕೂರುತ್ತದೆ. ಸೋಫಾ ಇಡುವ ಮೂಲೆಯಲ್ಲಿ ನನಗೆ ಹಾಗೇ ಆಯಿತು. ಅದೇ ಸೀಲರನ್ನು ಮತ್ತೆ ಸ್ವಲ್ಪ ಹಚ್ಚಿದರೆ ಹಳೆಯದು ಮೆತ್ತಗಾಗುತ್ತದೆ, ಆಗ ಒಟ್ಟಿಗೆ ಒರೆಸಬೇಕು.

ಎರಡನೇ ಕೋಟ್ ಬೇಕಾ ಅಂತ ನೋಡಲು ಮತ್ತೆ ನೀರಿನ ಹನಿ. ಅದು ಮೊದಲ ಕೋಟ್ ಒಣಗಿದ ಮೇಲೆ, ಒಂದು ಮೂಲೆಯಲ್ಲಿ ಮಾತ್ರ. ಪಡಸಾಲೆಗೆ ಎರಡು ಕೋಟ್ ಸೇರಿ ಎರಡೂವರೆ ಲೀಟರ್ ಹಿಡಿಯಿತು. ದೇವರ ಕೋಣೆ ಅದರ ಕಾಲು ಭಾಗವೂ ಇಲ್ಲ, ಆದರೂ ಒಂದು ಲೀಟರ್ ಕುಡಿಯಿತು. ಒಂದು ದಿನ ಯಾರೂ ಕಾಲಿಡಲಿಲ್ಲ, ಮೂರು ದಿನ ನೀರು ಹಾಕಲಿಲ್ಲ.

ಆಮೇಲೆ ಅವ್ವನ ಹಿತ್ತಾಳೆ ಸಮೆ, ಅಂದರೆ ದೀಪದ ಕಂಬದ ಸರದಿ ಬಂತು. ಶುಕ್ರವಾರ ದೀಪ ತಿಕ್ಕುವುದು ಹುಣಸೆಹಣ್ಣಿನಲ್ಲಿ, ಕೂತಲ್ಲೇ, ನೆಲದ ಮೇಲೆ. ಸೀಲರ್ ಹಚ್ಚಿದ ಕಲ್ಲಿಗೂ ಹುಳಿ ತಾಗಿದರೆ ಗುರುತು ಬೀಳುತ್ತದೆ. ಅದು ಕಲೆ ತಡೆಯುತ್ತದೆ, ಹುಳಿ ತಡೆಯುವುದಿಲ್ಲ. “ಅಷ್ಟ್ ರೊಕ್ಕ ಹಾಕಿ ಏನ್ ಹಚ್ಚಿದ್ಯವಾ, ಹುಣಸಿಹಣ್ಣ ತಡ್ಕೊಳ್ಳದ್ದು?” ಅಂತ ಅವ್ವ ಕೇಳಿದಳು. ಉತ್ತರ ಇರಲಿಲ್ಲ. ಈಗ ಸ್ಟೀಲಿನ ದೊಡ್ಡ ಪರಾತದೊಳಗೆ ತಿಕ್ಕುತ್ತಾಳೆ. ಮಜ್ಜಿಗೆ, ಸಾರು, ಟೊಮೆಟೊ ಏನು ಚೆಲ್ಲಿದರೂ ಕೂಡಲೇ ಒರೆಸುತ್ತೇವೆ. ಪಾಯಿಖಾನೆ ತೊಳೆಯುವ ಬಾಟಲಿ ಆ ಬಾಗಿಲು ದಾಟಿ ಹೊರಗೆ ಬರುವಂತಿಲ್ಲ.

ದೀಪದ ಎಣ್ಣೆ ಇಳಿದರೆ ಅಡುಗೆ ಸೋಡಾಕ್ಕೆ ನೀರು, ಎರಡು ಹನಿ ಪಾತ್ರೆ ಸೋಪು ಹಾಕಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ ಕಲೆಯ ಮೇಲೆ ಅರ್ಧ ಇಂಚು ದಪ್ಪಗೆ ಮೆತ್ತಿ. ಪ್ಲಾಸ್ಟಿಕ್ ಮುಚ್ಚಿ ಒಂದು ದಿನ ಬಿಡಿ, ತೆರೆದು ಪೂರ್ತಿ ಒಣಗಿಸಿ, ಆಮೇಲೆ ಎತ್ತಿ. ಒಂದೇ ಸಲಕ್ಕೆ ಹೋಗದಿದ್ದರೆ ಮತ್ತೆ ಮಾಡಿ. ಅರಿಶಿನದ ಕಲೆಗೆ ಇಷ್ಟು ಕಷ್ಟ ಬೇಡ, ಬಿಸಿಲು ಬೀಳುವ ಜಾಗವಾದರೆ ಕೆಲವು ದಿನಗಳಲ್ಲಿ ತಾನೇ ಮಾಸುತ್ತದೆ.

ದಿನಾ ಒರೆಸಲು ಬರೀ ನೀರು. ವಾರಕ್ಕೊಮ್ಮೆ ಸ್ವಲ್ಪ ಸೋಪಿನ ನೀರು. ಸೀಲರ್ ಎಷ್ಟು ವರ್ಷ ಬಾಳುತ್ತದೆ ಅನ್ನುವುದು ಓಡಾಟದ ಮೇಲೆ ಹೋಗುತ್ತದೆ. ಯುಗಾದಿಗೆ ಮನೆ ತೊಳೆಯುವ ಮುಂಚೆ ನಾನು ಮೂರು ಕಡೆ ಒಂದೊಂದು ಚಮಚ ನೀರು ಹಾಕಿ ನೋಡುತ್ತೇನೆ: ಸಿಂಕಿನ ಮುಂದೆ, ಹೊಸ್ತಿಲ ಒಳಗೆ, ದೇವರ ಮುಂದೆ. ಈ ಸಲ ಮೊದಲ ಎರಡು ಕಡೆ ನೀರು ಮುತ್ತಿನ ಹಾಗೆ ನಿಂತಿತು. ದೇವರ ಮುಂದೆ ಐದು ನಿಮಿಷಕ್ಕೆ ಕಪ್ಪಾಯಿತು. ಅಲ್ಲಿಗೆ ಮಾತ್ರ ಇನ್ನೊಂದು ಕೋಟ್ ಹಚ್ಚಬೇಕು. ದೀಪವನ್ನು ಮತ್ತೆ ತುಳಸಿಕಟ್ಟೆಗೆ ಒಯ್ಯಬೇಕು ಅಂತ ಅವ್ವನಿಗೆ ಇನ್ನೂ ಹೇಳಿಲ್ಲ.